ಕಶ್ಯಪ ಸರ್ ಕೊಡಿಸಿದ ವಡಾಪಾವ್

ನೆಲದಾಳದ ಶೇಲ್ ಎಂಬ ಪದರಗಲ್ಲನ್ನು ಕಣ್ಣಾರೆ ಕಂಡವರು ಕಡಿಮೆ. ನೀರಿನ ಒತ್ತಡದಿಂದ ಅದರಲ್ಲಿ ಬಿರುಕು ಬಿಡಿಸಿ ತೈಲ ತೆಗೆಯುವಾಗ ಆ ಬಿರುಕು ಎತ್ತ ಓಡೀತೆಂದು ಕಂಪ್ಯೂಟರಿನಲ್ಲಿ ಮೊದಲೇ ಕಂಡು ಹೇಳಬಲ್ಲವರು ಇನ್ನೂ ಕಡಿಮೆ. ಆ ವಿರಳರ ಸಾಲಿನಲ್ಲಿ ಶ್ರೀ ಕಶ್ಯಪ ಅವರದು ಹಿರಿಯ ಹೆಸರು. ಮಹಾಪೆಯ ನಮ್ಮ ಕಚೇರಿಯ ಕಂಪ್ಯೂಟರ್ ಮಾದರಿಗಳ ವಿಭಾಗವನ್ನು ಕಟ್ಟಿ ಬೆಳೆಸಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ನಾಲ್ಕರಲ್ಲಿ ಮೂರು ತಿಂಡಿಯ ಬಗೆಗೇ ಇದ್ದರೆ ಸಂಪಾದಕರು ಮನ್ನಿಸಬೇಕು.

ಮೈಸೂರಿನಿಂದ ಬಂದ ಸರ್, ಮೊದಲು ವಾಗ್ಳೆ ಎಸ್ಟೇಟಿನ ಪಂಪ್ ಕಾರ್ಖಾನೆಯಲ್ಲಿ ದುಡಿದು, ಅನಂತರ ಈ ಕೆಲಸಕ್ಕೆ ತಿರುಗಿದವರು. ಮನೆ ಡೊಂಬಿವಲಿಯಲ್ಲಿ. ಕಚೇರಿಗೆ ಬರುವ ದಾರಿಯಲ್ಲಿ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ನಗುನಗುತ್ತ ಕೂರಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕಲಬುರಗಿಯಿಂದ ಹೊಸದಾಗಿ ಬಂದು, ಖಾರಘರದಲ್ಲಿ ರೂಮು ಸಿಗದೆ ಕಣ್ಣೀರು ಹಾಕುತ್ತಿದ್ದ ನನ್ನನ್ನು ಮನೆಗೆ ಕರೆದೊಯ್ದು ಮಗಳಂತೆ ಇಟ್ಟುಕೊಂಡರು. ಅವರ ಪತ್ನಿ ರುಕ್ಮಿಣಿ ಅಮ್ಮನವರು ನನಗಾಗಿಯೇ ಜೋಳದ ರೊಟ್ಟಿ ತಟ್ಟಲು ಕಲಿತರು. ಅವು ಅಕ್ಕಿರೊಟ್ಟಿಯಷ್ಟು ದಪ್ಪವಾಗಿದ್ದುವೆಂಬುದನ್ನು ಇಂದಿನವರೆಗೂ ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ಕಚೇರಿಯಲ್ಲಿ ಸರ್ ಒಂದು ಪದ್ಧತಿ ತಂದರು. ಯಾರ ಮಾದರಿಯಲ್ಲಿ ತಪ್ಪು ಸಿಕ್ಕಿತೋ ಅವರು ಎಲ್ಲರಿಗೂ ವಡಾಪಾವ್ ಕೊಡಿಸಬೇಕು. ತಪ್ಪು ಹುಡುಕಿದವರಿಗೆ ಮೊದಲನೆಯದು ಸಲ್ಲಬೇಕು. ಹಾಗಾಗಿ ನಮ್ಮಲ್ಲಿ ತಪ್ಪು ಸಿಕ್ಕ ದಿನ ಯಾರ ಮುಖವೂ ಬಾಡುತ್ತಿರಲಿಲ್ಲ. ನಾನಂತೂ ಊರಿಗೆಲ್ಲ ಕೊಡಿಸಿದ್ದೇನೆ. ಆದರೆ ಸರ್ ಕೊಡಿಸಿದ ವಡಾಪಾವ್ ತಿಂದವರು ಮಾತ್ರ ಒಬ್ಬರೂ ಇರಲಿಲ್ಲ.

ಕಳೆದ ವರ್ಷ ಅಪೇಕ್ಷಾ ಬಂದಳು. ಡೊಂಬಿವಲಿಯಲ್ಲೇ ಹುಟ್ಟಿದ ಕನ್ನಡದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವಳು. ಆಗ ಹೊರದೇಶದ ಒಂದು ತೈಲ ಕಂಪನಿ, ತನ್ನ ಹಳೆಯ ಬಾವಿಯ ಪಕ್ಕದಲ್ಲೇ ಹೊಸದೊಂದನ್ನು ಕೊರೆದು ಮುಗಿಸಿತ್ತು. ಬಿರುಕುಗಳು ಮೇಲಕ್ಕೇ ಏರುತ್ತವೆ, ಹಳೆಯ ಬಾವಿಗೆ ಭಯವಿಲ್ಲ ಎಂದು ಸರ್ ವರದಿ ಕೊಟ್ಟಿದ್ದರು. ಮುಂದಿನ ಸೋಮವಾರವೇ ಬಿರುಕು ಬಿಡಿಸುವ ಕೆಲಸವಿತ್ತು. ಅಪೇಕ್ಷಾ ಸರ್ ಮೇಜಿನ ಬಳಿ ಹೋಗಿ, “ಸರ್, ಲೇಯರ್ ಆಪಸ್ ಮೇ ಸ್ಲಿಪ್ ಹೋ ಗಯಾ ತೋ?” ಎಂದಳು.

ಕಲ್ಲಿನ ಪದರಗಳು ಒಂದರ ಮೇಲೊಂದು ಜಾರಿದರೆ ಏನು ಗತಿ ಎಂಬುದು ಅವಳ ಪ್ರಶ್ನೆ. ಅವು ಗಟ್ಟಿಯಾಗಿ ಅಂಟಿಕೊಂಡೇ ಇರುತ್ತವೆಂದು ಸರ್ ಮಾದರಿ ನಂಬಿತ್ತು. ಜಾರಿದರೆ ಬಿರುಕು ಅಡ್ಡಡ್ಡ ಓಡಿ, ನೀರೂ ಮರಳೂ ಹಳೆಯ ಬಾವಿಗೆ ನುಗ್ಗಿ ಅದು ಹಾಳಾಗುತ್ತಿತ್ತು. ಇತ್ತ ನಮ್ಮ ವಿಭಾಗ ನಿಂತಿದ್ದುದೇ ಆ ಕಂಪನಿಯ ಕರಾರಿನ ಮೇಲೆ. ಸರ್ ಸಂಜೆಯವರೆಗೆ ಊಟಕ್ಕೂ ಏಳದೆ ಎಲ್ಲವನ್ನೂ ಮತ್ತೆ ನೋಡಿದರು.

“ನಾನು ಹೇಳಿದ್ದು ತಪ್ಪು ಕಣಮ್ಮ,” ಎಂದರು ಅವಳಿಗೆ. ನನ್ನತ್ತ ತಿರುಗಿ, “ಶರ್ಮಿಳಾ, ಅವರಿಗೆ ಫೋನ್ ಮಾಡು. ಸೋಮವಾರದ ಕೆಲಸ ನಿಲ್ಲಿಸಬೇಕು.”

ನಾನು ಕೈಗೆತ್ತಿಕೊಂಡ ಫೋನನ್ನು ಮತ್ತೆ ಇಟ್ಟು ಕೇಳಿದೆ: “ಸರ, ಕರಾರ ಹೋದ್ರ ಹ್ಯಾಂಗ್ರೀ?”

“ಬಾವಿ ಹೋದ್ರೆ ಹೆಂಗಮ್ಮಾ?”

ಕಂಪನಿಯವರು ಕೆಂಡಾಮಂಡಲವಾದರು. ಸರ್ ಒಂದು ಮಾತನ್ನೂ ಎದುರಾಡದೆ, ವರದಿ ತಮ್ಮದೇ, ತಪ್ಪೂ ತಮ್ಮದೇ, ಕಂಡುಹಿಡಿದವಳು ಅಪೇಕ್ಷಾ ಎಂದು ಹೇಳಿ, ಹಳೆಯ ಬಾವಿಯ ಬಾಯಿಗೆ ಒತ್ತಡದ ಮಾಪಕವಿಟ್ಟು ಮೊದಲು ಒಂದೇ ಒಂದು ಚಿಕ್ಕ ಬಿರುಕು ಬಿಡಿಸಿ ನೋಡಿರೆಂದು ಬೇಡಿಕೊಂಡರು. ಅವರು ಗೊಣಗುತ್ತಲೇ ಒಪ್ಪಿದರು. ಮಾಪಕದ ಮುಳ್ಳು ಏರಿತು, ಎಂದರೆ ಬಿರುಕು ಅಡ್ಡಡ್ಡವೇ ಓಡಿತ್ತು. ಅಪೇಕ್ಷಾ ತಿದ್ದಿದ ಮಾದರಿ ಹೇಳಿದಂತೆಯೇ ಏರಿತು. ಹಳೆಯ ಬಾವಿಯ ಕಡೆಯ ಭಾಗವನ್ನು ಬಿಟ್ಟು ಮುಂದಿನ ಕೆಲಸ ನಡೆಯಿತು. ಎರಡು ಬಾವಿಗಳೂ ಉಳಿದವು, ಕರಾರೂ ಉಳಿಯಿತು.

ಎಲ್ಲ ಮುಗಿದ ದಿನದ ಸಂಜೆ ಸರ್ ತಾವೇ ವಡಾಪಾವ್ ಗಾಡಿಯ ಬಳಿ ಹೋಗಿ, ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮದುವೆ ಮನೆಯ ಯಜಮಾನರ ಹಾಗೆ ಬಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನೆಂದೂ ಕಂಡಿರಲಿಲ್ಲ. ಮೊದಲನೆಯದನ್ನು ಅಪೇಕ್ಷಾಳ ಕೈಗಿಟ್ಟರು. ಅವಳು ಒಂದು ತುತ್ತು ಕಚ್ಚಿ, ನಮ್ಮೆದುರು ಮೊತ್ತಮೊದಲ ಬಾರಿಗೆ ಕನ್ನಡದಲ್ಲಿ ಬಾಯಿ ತೆರೆದಳು: “ಸರ್, ಚಟ್ನಿ ಕಮ್ಮಿ ಆಯ್ತು.”

“ಅದೂ ನನ್ನದೇ ತಪ್ಪು,” ಎಂದು ಸರ್ ಮತ್ತೆ ಗಾಡಿಯ ಕಡೆ ಹೊರಟರು.

ಸರ್ ಅವರಿಗೂ ರುಕ್ಮಿಣಿ ಅಮ್ಮನವರಿಗೂ ತುಂಬು ಆಯುಷ್ಯ, ಗಟ್ಟಿ ಆರೋಗ್ಯ ಇರಲಿ. ಆ ಕೈಗಳು ಕೀಲಿಮಣೆಯನ್ನು ಬಿಡದಿರಲಿ. ಅವರು ನಮಗೊಪ್ಪಿಸಿದ ಮಾದರಿಯಲ್ಲಿ ಅಪೇಕ್ಷಾಳೂ ನಾನೂ ಟೊಂಕಕಟ್ಟಿ ತಪ್ಪು ಹುಡುಕುತ್ತಿದ್ದೇವೆ. ಮೊನ್ನೆ ಒಂದು ಸಿಕ್ಕಿದೆ. ಏನೆಂದು ಫೋನಿನಲ್ಲಿ ಹೇಳುವುದಿಲ್ಲ. ನಿವೃತ್ತರಾದರೇನಂತೆ, ಪದ್ಧತಿ ಪದ್ಧತಿಯೇ, ಸರ್. ವಡಾಪಾವ್ ಹಿಡಿದುಕೊಂಡು ನೀವೇ ಮಹಾಪೆಗೆ ಬರಬೇಕು. ಚಟ್ನಿ ಮರೆಯಬೇಡಿ.