ಉಚಿತ ತಿಂಗಳ ಕೊನೆಯ ದಿನ

ಬಾಗಿಲಿನ ಚಿಲಕ ಬೀಳುವ ಸದ್ದು ಕೇಳಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಅಂದು ಹೋಗಲಿದ್ದದ್ದು ನನ್ನ ಕೆಲಸವಲ್ಲ, ಪಕ್ಕದ ಕುರ್ಚಿಯ ಗೆಳೆಯನದು. ನಾನು ಬರೀ ಸಾಕ್ಷಿ. ಅವನು ಎಲ್ಲ ಮರೆತು ಹಾಯಾಗಿದ್ದಾನೆ, ನಡುಕ ಮಾತ್ರ ನನ್ನ ಪಾಲಿಗೆ ಉಳಿದಿದೆ.

ಪೀಣ್ಯದ ಒಂದು ಗೇರ್‌ಬಾಕ್ಸ್ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ನಾವಿಬ್ಬರೂ ಇದ್ದೆವು. ನಮ್ಮ ಓದು, ಅನುಭವವನ್ನೆಲ್ಲ ಬರೆದು ಹಾಕಿದರೆ ದೊಡ್ಡ ಕಂಪನಿಗಳು ತಾವಾಗಿಯೇ ಕರೆಯುತ್ತವೆ ಎಂದು ನಂಬಿಸುವ ವೆಬ್‌ಸೈಟೊಂದು ಆಗ ನಮ್ಮವರಲ್ಲಿ ಹೊಸ ಹುಚ್ಚು. ನಾನೂ ಅದರಲ್ಲೊಂದು ಪ್ರೊಫೈಲ್ ಹಾಕಿದ್ದೆ. ಗೆಳೆಯನಿಗೆ ಅದರಿಂದ ದಿನವೂ ಒಂದು ಮೇಲ್ ಬರುತ್ತಿತ್ತು. 'ಯಾರೋ ಒಬ್ಬರು ನಿಮ್ಮ ಪ್ರೊಫೈಲ್ ನೋಡಿದ್ದಾರೆ.' ಜೊತೆಗೆ ಸೋಪಿನ ನೀರಿನಲ್ಲಿ ಕದಡಿದಂಥ ಒಂದು ಮುಖ. ಆ ಮುಖ ಸ್ಪಷ್ಟವಾಗಬೇಕಾದರೆ ಪ್ರೀಮಿಯಂ ಸದಸ್ಯತ್ವ ತೆಗೆದುಕೊಳ್ಳಬೇಕು. ಮೊದಲ ತಿಂಗಳು ಉಚಿತ, ಅಷ್ಟರಲ್ಲಿ ರದ್ದು ಮಾಡದಿದ್ದರೆ ಆಮೇಲೆ ತಿಂಗಳಿಗೆ ಎರಡು ಗ್ಯಾಸ್ ಸಿಲಿಂಡರಿನಷ್ಟು ದುಡ್ಡು.

"ವೈಟ್‌ಫೀಲ್ಡ್ ಕಡೆ ಯಾವ್ದೋ ದೊಡ್ಡ ಕಂಪನಿ ಕಣೋ. ದಿನಾ ಬಂದು ನೋಡ್ತಾರೆ ಅಂದ್ರೆ ಸುಮ್ನೇನಾ?" ಎಂದ.

"ಇನ್ಶೂರೆನ್ಸ್ ಏಜೆಂಟೂ ದಿನಾ ಬರ್ತಾನೆ ಮಗಾ" ಎಂದೆ.

ಅವನು ಕೇಳಲಿಲ್ಲ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಮಗು ಬರುವಷ್ಟರಲ್ಲಿ ಸಂಬಳ ಏರಬೇಕು ಎಂಬುದು ಅವನ ಲೆಕ್ಕ. ಊಟದ ಹೊತ್ತಿನಲ್ಲಿ ಕಾರ್ಡಿನ ನಂಬರು ಕೊಟ್ಟ. ಕದಡಿದ ನೀರು ತಿಳಿಯಾಯಿತು. ಅದರೊಳಗಿನಿಂದ ನಮ್ಮ ಮ್ಯಾನೇಜರು ಎದ್ದು ಬಂದರು. ಫೋಟೋದಲ್ಲೂ ಹಣೆಯ ಮೇಲೆ ರೂಪಾಯಿಯಗಲದ ಕುಂಕುಮ. ನಿನ್ನೆ ನೋಡಿದ್ದರು, ಮೊನ್ನೆ ನೋಡಿದ್ದರು, ಭಾನುವಾರವೂ ಬಿಟ್ಟಿರಲಿಲ್ಲ.

ಗೆಳೆಯ ಕೈಯಲ್ಲಿದ್ದ ಚಪಾತಿಯನ್ನು ಡಬ್ಬಿಗೆ ವಾಪಸ್ ಇಟ್ಟ.

ಮ್ಯಾನೇಜರು ಸರ್ಕಾರಿ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು ಬಂದ ಶಿಸ್ತಿನ ಮನುಷ್ಯ. ಹಿಂದೊಮ್ಮೆ ಒಬ್ಬ ಜ್ವರವೆಂದು ರಜೆ ಹಾಕಿ ಬೇರೆ ಕಡೆ ಇಂಟರ್‌ವ್ಯೂಗೆ ಹೋಗಿದ್ದು ಗೊತ್ತಾಗಿ, ಸಂಜೆಯೊಳಗೆ ಅವನ ಡ್ರಾಯರ್ ಖಾಲಿ ಮಾಡಿಸಿದ್ದರು. ಈಗ ನನ್ನ ಗೆಳೆಯನ ಸರದಿ ಎಂದು ನಮಗೆ ಖಾತ್ರಿಯಾಯಿತು. ಅವರು ಎಂದಿನಂತೆ "ಊಟ ಆಯ್ತೇನ್ರೀ?" ಎಂದರೂ ಇವನು ಬೆವರುತ್ತಿದ್ದ.

"ನೋಡ್ದ್ಯಾ? ಈ ಆಫೀಸಲ್ಲಿ ನನ್ನ ಊಟ ಮುಗೀತು ಅಂತಾರೆ."

ಬೇರೆ ಕೆಲಸ ಹುಡುಕಲು ತೆಗೆದುಕೊಂಡ ಪ್ರೀಮಿಯಂನ ದೆಸೆಯಿಂದ ಆ ತಿಂಗಳೆಲ್ಲ ಅವನು ಇದ್ದ ಕೆಲಸವನ್ನು ಹಿಂದೆಂದೂ ಇಲ್ಲದಷ್ಟು ಶ್ರದ್ಧೆಯಿಂದ ಮಾಡಿದ.

ಆಯುಧಪೂಜೆ ಬಂತು. ಲೇತುಗಳಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಂಪ್ಯೂಟರುಗಳಿಗೆಲ್ಲ ಅರಿಸಿನ ಕುಂಕುಮ ಹಚ್ಚಿ ಹಾರ ಹಾಕಿದ್ದಾಯಿತು. ಮಂಗಳಾರತಿ ಮುಗಿಸಿ ಮ್ಯಾನೇಜರು ಘೋಷಿಸಿದರು: "ಪೂಜೆ ಆಗಿರೋ ಆಯುಧಾನ ನಾಳೆವರ್ಗೂ ಯಾರೂ ಮುಟ್ಟಬಾರ್ದು. ಯಾರಾದ್ರೂ ಮುಟ್ಟಿದ್ರೋ, ನಾನ್ ಸುಮ್ನಿರಲ್ಲ!"

ಗೆಳೆಯನ ಮುಖ ಬಿಳಚಿಕೊಂಡಿತು. ಉಚಿತ ತಿಂಗಳಿಗೆ ಅಂದೇ ಕೊನೆಯ ದಿನ. ಪೂಜೆ ಮುಗಿದ ಮೇಲೆ ಆಫೀಸಿನಲ್ಲೇ ಕೂತು ಪ್ರೀಮಿಯಂ ರದ್ದು ಮಾಡಿದರಾಯಿತು ಎಂದುಕೊಂಡಿದ್ದ. ಮನೆಯಲ್ಲಿ ಕಂಪ್ಯೂಟರಿರಲಿಲ್ಲ, ಕೈಯಲ್ಲಿದ್ದದ್ದು ಇಂಟರ್ನೆಟ್ ಇಲ್ಲದ ಬಟನ್ ಫೋನು.

"ಏನ್ರೀ, ಒಂದ್ನಿಮಿಷ ಕ್ಯಾಬಿನ್‌ಗೆ ಬನ್ನಿ." ಮ್ಯಾನೇಜರು ಅವನನ್ನೇ ಕರೆದರು.

ಅವನು ನನ್ನ ಮೊಣಕೈ ಹಿಡಿದ. "ನೀನೂ ಬಾರೋ, ಕೈಮುಗೀತೀನಿ."

ನಾವು ಒಳಗೆ ಹೋದೊಡನೆ ಮ್ಯಾನೇಜರು ಬಾಗಿಲು ಹಾಕಿ ಚಿಲಕ ಜಡಿದರು. ನನ್ನನ್ನು ಕಂಡು "ನೀವ್ಯಾಕ್ರೀ?" ಎಂದರು. ಕೈಯಲ್ಲಿದ್ದ ಕಡ್ಲೆಪುರಿಯ ತಟ್ಟೆಯನ್ನು ಮುಂದೆ ಹಿಡಿದೆ. "ಪ್ರಸಾದ ಸಾರ್" ಎಂದೆ.

"ಇರ್ಲಿ, ನಿಂತ್ಕೊಳ್ಳಿ" ಎಂದು ಅವನ ಕಡೆ ತಿರುಗಿದರು. "ಆ ಸೈಟಲ್ಲಿ ಇದೀರಲ್ವಾ ನೀವು?"

"ಸಾರ್, ಸುಮ್ನೆ ನೋಡೋಕೆ ಅಂತ... ಹೆಂಡ್ತಿ ಬಾಣಂತನ ಸಾರ್..."

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?" ಎನ್ನುತ್ತ ಮಾನಿಟರನ್ನು ನಮ್ಮತ್ತ ತಿರುಗಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಇದನ್ನ ಕ್ಯಾನ್ಸಲ್ ಮಾಡೋದು ಎಲ್ರೀ? ಬೆಳಗ್ಗೆಯಿಂದ ಹುಡುಕ್ತಾ ಇದೀನಿ!"

ಕಣ್ಣು ಬಿಟ್ಟೆ. ಹಾರ ಹಾಕಿದ ಪರದೆಯ ಮೇಲೆ ಮ್ಯಾನೇಜರ ಸ್ವಂತ ಪ್ರೊಫೈಲು, ಹೆಸರಿನ ಪಕ್ಕ ಪ್ರೀಮಿಯಂನ ಬಂಗಾರದ ಗುರುತು. ಗೆಳೆಯ ಉಚಿತ ತಿಂಗಳು ಶುರುಮಾಡಿದ ದಿನವೇ ಅವರೂ ಶುರುಮಾಡಿದ್ದರು. ಕೆಳಗೆ ಇಂಗ್ಲಿಷಿನಲ್ಲಿ 'ಹೊಸ ಸವಾಲುಗಳ ಹುಡುಕಾಟದಲ್ಲಿರುವ ಉತ್ಸಾಹಿ ಯುವ ಇಂಜಿನಿಯರ್' ಎಂದಿತ್ತು. ಅಕ್ಷರ ಅಕ್ಷರವೂ ನನ್ನ ಗೆಳೆಯನದೇ.

"ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಕಣ್ರೀ" ಎಂದು ಮ್ಯಾನೇಜರು ಕಿಟಕಿ ನೋಡಿದರು. "ದಿನಾ ಒಂದೊಂದು ಸಾಲು ತಗೊಂಡೆ. ನಾನೂ ಎಷ್ಟ್ ದಿನ ಇಲ್ಲೇ ಇರ್ಲಿ ಹೇಳಿ?"

ಗೆಳೆಯ ಮೌಸಿನ ಕುಂಕುಮವನ್ನು ಕರವಸ್ತ್ರದಲ್ಲಿ ಒರೆಸಿ ಕೂತ. ಆ ಸೈಟು ಸುಲಭಕ್ಕೆ ಬಿಡುವಂಥದ್ದಲ್ಲ. ಹೊರಟ ನೆಂಟರನ್ನು ಹೊಸಿಲಲ್ಲಿ ತಡೆದು ನಿಲ್ಲಿಸುವ ಅತ್ತೆಯಂತೆ, ನಿಜಕ್ಕೂ ಹೋಗುತ್ತೀರಾ, ಇನ್ನೊಮ್ಮೆ ಯೋಚಿಸಿ, ಏನು ಬೇಸರವಾಯಿತು ಹೇಳಿ ಎಂದು ಪುಟದ ಮೇಲೆ ಪುಟ ಬಂತು. ಪ್ರತಿ ಪುಟಕ್ಕೂ ಮ್ಯಾನೇಜರು "ಹೋಗ್ತೀವಿ ಅನ್ರೀ!" ಎಂದು ಗದರುತ್ತಿದ್ದರು. ಕೊನೆಗೂ ಬಂಗಾರದ ಗುರುತು ಮಾಯವಾಯಿತು. ಅವರು ಮೌಸಿಗೆ ಹೊಸದಾಗಿ ಕುಂಕುಮ ಇಟ್ಟು ಕೈಮುಗಿದರು.

ಗೆಳೆಯನಿಗೆ ಧೈರ್ಯ ಬಂತು. "ಸಾರ್, ನಂದೂ ಇವತ್ತೇ ಕೊನೆ. ಹಂಗೇ ಒಂದ್ಸಲ..."

"ಏನ್ ಮಾತಾಡ್ತೀರ್ರೀ? ಪೂಜೆ ಆಗಿರೋ ಆಯುಧ ಅದು!"

ಸಂಜೆ ದಾರಿಯಲ್ಲಿ ಸಿಕ್ಕ ಸೈಬರ್ ಸೆಂಟರಿನಲ್ಲೂ ಕಂಪ್ಯೂಟರುಗಳು ಚೆಂಡುಹೂ ಹೊತ್ತು ಮಲಗಿದ್ದವು. ಮಾಲೀಕ ನಮಗೆ ಇನ್ನಷ್ಟು ಪುರಿ ಕೊಟ್ಟು ಕಳಿಸಿದ. ಮರುದಿನ ಗೆಳೆಯನ ಫೋನಿಗೆ ದುಡ್ಡು ಕಡಿತವಾದ ಮೆಸೇಜು ಬಂತು.

"ಹೋಗ್ಲಿ ಬಿಡು ಗುರು, ಕೆಲ್ಸ ಉಳೀತಲ್ಲ" ಎಂದು ನಕ್ಕ. ನಿಜವೇ. ಮ್ಯಾನೇಜರೂ ಹೊರಡಲು ನೋಡುತ್ತಿರುವುದು ಅವನಿಗೆ ಗೊತ್ತಿರುವಾಗ ಅವನನ್ನು ತೆಗೆಯುವವರು ಯಾರು?

ಕೆಲವು ವಾರಗಳ ನಂತರ ನನಗೊಂದು ಮೇಲ್ ಬಂತು. ಯಾರೋ ಒಬ್ಬರು ನನ್ನ ಪ್ರೊಫೈಲ್ ನೋಡಿದ್ದರು. ಕದಡಿದ ಮುಖ, ಅದರ ಹಣೆಯ ಜಾಗದಲ್ಲಿ ಎಷ್ಟು ಕದಡಿದರೂ ಕರಗದ ಒಂದು ಕೆಂಪು ಚುಕ್ಕೆ.

"ಇದಕ್ಕೆ ಪ್ರೀಮಿಯಂ ಬೇರೆ ಬೇಕಾ?" ಎಂದು ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಂದೂ ಕಾಪಿ ಹೊಡೀತಿದಾರೆ ಬಿಡೋ."

ನನಗೆ ನಗು ಬರಲಿಲ್ಲ. ನನ್ನ ಇಂಗ್ಲಿಷು ಚೆನ್ನಾಗಿಲ್ಲ.