ಪದಬಂಧದಲ್ಲಿ ಬಗ್ಗಿದ ಗೆರೆ

ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಪೇಪರು ಮಾರುವ ಒಬ್ಬರಿಗೆ ನಾನು ಮೂರು ಸಲ ಸುಮ್ಮನೆ ಬೈದಿದ್ದೇನೆ. ಪದಬಂಧದ ಗೆರೆಗಳು ನಡುವಿನಲ್ಲಿ ಬಗ್ಗಿವೆ, ಒಂದು ಗೆರೆ ನೆಟ್ಟಗೆ ಎಳೆಯಲು ಬಾರದವರ ಪೇಪರನ್ನು ಯಾಕೆ ಮಾರುತ್ತೀರಿ ಎಂದು ಹತ್ತು ಜನರ ಎದುರು ಕೇಳಿದ್ದೇನೆ. ಪಾಪ, ಅವರು ಪೇಪರನ್ನು ಬೆಳಕಿಗೆ ಹಿಡಿದು ನೋಡಿ, ಕಟ್ಟಿನ ಅಡಿಯಿಂದ ಬೇರೆಯದೊಂದನ್ನು ಎಳೆದು ಕೊಟ್ಟಿದ್ದರು. ಅದರಲ್ಲಿಯೂ ಗೆರೆ ಬಗ್ಗಿಯೇ ಇತ್ತು. ಪದಬಂಧದಿಂದ ನಾನು ಕಲಿತದ್ದು ಬಹಳ ಇದೆ. ಆದರೆ ಈ ಬೈಗುಳವನ್ನು ಬಿಟ್ಟು ಬರೆದರೆ ಮುಖ್ಯವಾದದ್ದನ್ನೇ ಬಿಟ್ಟಂತಾಗುತ್ತದೆ.

ಬೆಳ್ತಂಗಡಿಗೂ ಬಿ.ಸಿ.ರೋಡಿಗೂ ನಡುವೆ ಇಪ್ಪತ್ತಾರು ವರ್ಷ ನಾನು ಖಾಸಗಿ ಬಸ್ಸು ಓಡಿಸಿದೆ. ಆ ದಾರಿಯಲ್ಲಿ ಒಂದು ಕೋಳಿಯ ಪುಕ್ಕವನ್ನೂ ಉದುರಿಸಿದವನಲ್ಲ. ಶಾಲೆ ಮಾತ್ರ ಆರನೇ ಕ್ಲಾಸಿನ ದೀಪಾವಳಿ ರಜೆಗೆ ಮುಗಿಯಿತು. ರಜೆ ಕಳೆದು ಉಳಿದವರು ಶಾಲೆಗೆ ಹೋದರು, ನಾನು ಕೆಲಸಕ್ಕೆ ಹೋದೆ. ನಮ್ಮದು ತುಳು ಮಾತಾಡುವ ಮನೆ. ಕನ್ನಡವೆಂದರೆ ಶಾಲೆಯ ಭಾಷೆ. ಶಾಲೆ ಬಿಟ್ಟ ದಿನ ಅದನ್ನೂ ಬೆಂಚಿನ ಮೇಲೆಯೇ ಬಿಟ್ಟು ಬಂದಿದ್ದೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಪೇಪರಿನ ದೊಡ್ಡ ಅಕ್ಷರ, ಇಷ್ಟನ್ನು ಓದಿಕೊಳ್ಳುತ್ತಿದ್ದೆ. ಎಷ್ಟು ಓದಿದ್ದೀರಿ ಎಂದು ಯಾರಾದರೂ ಕೇಳಿದರೆ, "ಬೇಕಾದಷ್ಟು" ಎಂದು ಹೇಳಿ ಗೇರು ಬದಲಿಸುತ್ತಿದ್ದೆ.

ನನ್ನ ಬಸ್ಸಿನ ಕಂಡಕ್ಟರ್ ನನಗಿಂತ ಹದಿನೈದು ವರ್ಷ ಚಿಕ್ಕವನು, ಪಿಯುಸಿ ಓದಿದವನು. ಬಿ.ಸಿ.ರೋಡಿನಲ್ಲಿ ಬಸ್ಸು ಹದಿನಾಲ್ಕು ನಿಮಿಷ ನಿಲ್ಲುವಾಗ ಬಾನೆಟ್ಟಿನ ಮೇಲೆ ಪೇಪರು ಹಾಸಿ ಪದಬಂಧ ತುಂಬಿಸುವುದು ಅವನ ಚಟ. ನಾನು ಅತ್ತ ತಲೆ ಹಾಕುತ್ತಿರಲಿಲ್ಲ. ಒಂದು ದಿನ ಅವನೇ ಕೇಳಿದ.

"ಅಣ್ಣ, ಗಾಡಿಯ ಎರಡು ಗಾಲಿಗಳನ್ನು ಸೇರಿಸುವ ದಂಡ. ಎರಡಕ್ಷರ. ಎಂಥದಿರಬಹುದು?"

"ಅಚ್ಚು," ಎಂದೆ. "ಅಷ್ಟೂ ಗೊತ್ತಿಲ್ಲದವನಿಗೆ ಪಿಯುಸಿ ಕೊಟ್ಟದ್ದು ಯಾರು ಮಾರಾಯ?"

ನಮ್ಮ ಮಾತೆಲ್ಲ ತುಳುವಿನಲ್ಲಿ, ಸುಳಿವು ಓದುವುದು ಮಾತ್ರ ಕನ್ನಡದಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೇ ತಂದು ಬರೆಯುತ್ತಿದ್ದೇನೆ. ಅವನು ನಗುತ್ತ ಆ ಎರಡು ಅಕ್ಷರಗಳನ್ನು ಎರಡು ಚೌಕಗಳಲ್ಲಿ ಬರೆದ. ನನ್ನ ಬಾಯಿಂದ ಬಂದ ಮಾತು ಪೇಪರಿನಲ್ಲಿ, ತನ್ನದೇ ಜಾಗದಲ್ಲಿ, ಸರಿಯಾಗಿ ಕುಳಿತದ್ದನ್ನು ಅವತ್ತು ಮೊದಲ ಸಲ ಕಂಡೆ. ಮರುದಿನ ನಾನೇ ಒಂದು ಪೇಪರು ಕೊಂಡೆ, ಒಂದು ಪೆನ್ಸಿಲನ್ನೂ.

ಸ್ಟೇರಿಂಗ್ ಹಿಡಿದ ಮೇಲೆ ಪೇಪರು ಮುಟ್ಟಬಾರದು ಎಂಬುದು ನಾನೇ ಮಾಡಿಕೊಂಡ ಕಾನೂನು. ಹಾಗಾಗಿ ಬಸ್ಸು ಹೊರಡುವ ಮೊದಲು ಎರಡೇ ಎರಡು ಸುಳಿವುಗಳನ್ನು ಓದಿ, ಎಲೆಯಡಿಕೆಯ ಹಾಗೆ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಪುಂಜಾಲಕಟ್ಟೆಗೆ ಬರುವಷ್ಟರಲ್ಲಿ ಒಂದಾದರೂ ಮೆತ್ತಗಾಗುತ್ತಿತ್ತು. ಅಲ್ಲಿ ಬಸ್ಸು ನಿಂತ ಕೂಡಲೇ ಪೆನ್ಸಿಲಿಗೆ ಕೈ. ಶಾಲೆಯಲ್ಲಿ ಉತ್ತರ ಹೇಳಲು ತಡವಾದರೆ ಕಿವಿ ಹಿಂಡುತ್ತಿದ್ದರು. ಇಲ್ಲಿ ನಿಧಾನವಾಗಿ ಹೇಳಿದರೂ ಉತ್ತರ ಉತ್ತರವೇ. ಇದು ಗೊತ್ತಾದಾಗ ನನಗೆ ವಯಸ್ಸು ನಲವತ್ತೇಳು.

ಗೊತ್ತಿಲ್ಲದ್ದನ್ನು ಬಾಯಿಬಿಟ್ಟು ಕೇಳುವ ಅಭ್ಯಾಸ ನನಗಿರಲಿಲ್ಲ. ನನ್ನ ಪರವಾಗಿ ಕಂಡಕ್ಟರ್ ಟಿಕೆಟ್ ಕೊಡುತ್ತ ಕೇಳುವನು, ನನ್ನ ಕಿವಿ ಹಿಂದಕ್ಕೆ ತೆರೆದಿರುವುದು. ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಗೆ ಬರುವ ದಾರಿಗೆ ಸೋಮಸೂತ್ರ ಎನ್ನುತ್ತಾರೆಂದು ಹೀಗೆ ಒಬ್ಬ ಭಟ್ಟರಿಂದ ತಿಳಿಯಿತು. ಎಷ್ಟೋ ದೇವಸ್ಥಾನಗಳಲ್ಲಿ ಆ ನೀರಿಗೆ ಕೈಯೊಡ್ಡಿದ್ದೆ, ಹೆಸರು ಗೊತ್ತಿರಲಿಲ್ಲ. ಇನ್ನೊಂದು ದಿನ ಬಟ್ಟೆ ಅಂಗಡಿಯ ಮುಸ್ಲಿಂ ಹಿರಿಯರು, ನಮ್ಮೆಲ್ಲರ ಬ್ಯಾರಿ ಕಾಕ, ಮುಂದಿನ ಸೀಟಿನಲ್ಲಿದ್ದರು. ಎರಡು ಕಡೆಯವರೂ ಒಪ್ಪಿ ಜಗಳ ಮುಗಿಸುವುದು, ಎರಡಕ್ಷರ ಎಂದು ಕಂಡಕ್ಟರ್ ಓದಿದ.

"ರಾಜಿ," ಎಂದರು ಕಾಕ. "ಅದು ಅರಬಿಯಿಂದ ಬಂದದ್ದು ಮಾರಾಯ್ರೇ. ವಕೀಲ, ಕಾನೂನು, ತಾರೀಕು ಎಲ್ಲ ಅಲ್ಲಿಯದ್ದೇ. ನಮ್ಮ ಮಕ್ಕಳು ಅರಬಿ ಕಲೀಲಿಕ್ಕೆ ಗಲ್ಫಿಗೆ ಹೋಗಬೇಕು, ನೀವು ಬಿ.ಸಿ.ರೋಡಿನ ಕೋರ್ಟಿಗೆ ಹೋಗಿ ಬಂದ್ರೆ ಸಾಕು, ಅರ್ಧ ಅರಬಿ ಮಾತಾಡ್ತೀರಿ!"

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ರಸ್ತೆಯಿಂದ ಕಣ್ಣು ತೆಗೆಯದೆ.

ದಿನಾ ಬರುವವರಲ್ಲಿ ಒಬ್ಬರು ನರ್ಸ್ ಇದ್ದರು. ಬಂಟ್ವಾಳದ ಒಂದು ಆಸ್ಪತ್ರೆಯಲ್ಲಿ ಕೆಲಸ. ನಾವು ಅವರನ್ನು ಸಿಸ್ಟರ್ ಎನ್ನುತ್ತಿದ್ದೆವು. ಕಣ್ಣಿನ ಒಳಗಿನ ಪರದೆಗೆ ಅಕ್ಷಿಪಟಲ ಎಂದು ಹೇಳಿಕೊಟ್ಟವರು ಅವರೇ. ಐದು ಅಕ್ಷರಗಳ ಆ ಪದವನ್ನು ತುಂಬಿಸಿ, ಎಂಥಾ ಭಾರದ ಶಬ್ದ, ಇದು ನಮಗೆ ಯಾಕೆ ಬೇಕು ಎಂದು ಕಂಡಕ್ಟರಿಗೆ ಹೇಳಿದ್ದೂ ನೆನಪಿದೆ.

ಒಂದು ಬೇಸಗೆಯ ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಬಸ್ಸು ನಿಲ್ಲಿಸಿ ಪದಬಂಧ ತೆರೆದಿದ್ದೆ. ಪಕ್ಕದಲ್ಲಿ ಒಂದು ಲಾರಿ ಹಾದು, ಎದ್ದ ಧೂಳು ಬಲಗಣ್ಣಿಗೆ ಬಿತ್ತು. ಆ ಕಣ್ಣನ್ನು ಉಜ್ಜುತ್ತ ಎಡಗಣ್ಣಿನಿಂದಲೇ ಸುಳಿವು ಹುಡುಕಿದರೆ, ಪದಬಂಧದ ನಡುವಿನ ಗೆರೆಗಳು ನೀರಿನಲ್ಲಿಟ್ಟ ಕೋಲಿನ ಹಾಗೆ ಬಗ್ಗಿದ್ದವು. ಒಂದು ಚೌಕ ಅಗಲ, ಪಕ್ಕದ್ದು ಸಪೂರ. ಧೂಳು ಹೋದ ಮೇಲೆ ಎರಡೂ ಕಣ್ಣು ಬಿಟ್ಟು ನೋಡಿದೆ, ಗೆರೆ ನೆಟ್ಟಗೆ ಕಂಡಿತು. ಮರುದಿನ ಬೇಕೆಂದೇ ಬಲಗಣ್ಣು ಮುಚ್ಚಿದೆ. ಮತ್ತೆ ಬಗ್ಗಿತ್ತು. ಬಡಗಿಯೂ ನೇರ ನೋಡುವುದು ಒಂದು ಕಣ್ಣು ಮುಚ್ಚಿಯೇ, ಹಾಗಾಗಿ ತಪ್ಪು ಪೇಪರಿನದ್ದೇ ಎಂದುಕೊಂಡೆ. ಅವತ್ತೇ ಪೇಪರಿನವರಿಗೆ ಮೊದಲ ಬೈಗುಳ, ಅದರ ಮರುದಿನ ಎರಡನೆಯದು.

"ಅಣ್ಣ, ನನಗೆ ಸರಿ ಕಾಣ್ತದಲ್ಲ," ಎಂದ ಕಂಡಕ್ಟರ್.

"ನಿನಗೆ ಹಳೇ ನೋಟೂ ಹೊಸತೇ ಕಾಣ್ತದೆ. ಸುಮ್ಮನಿರು."

ಐದನೆಯ ದಿನ ಮನೆಯಲ್ಲಿ ಕಿಟಕಿಯ ಎದುರು ನಿಂತು ಬಲಗಣ್ಣು ಮುಚ್ಚಿದೆ. ಕಿಟಕಿಯ ಸರಳುಗಳೂ ಬಗ್ಗಿದ್ದವು. ಆ ಸರಳುಗಳನ್ನು ಪೇಪರಿನವರು ಪ್ರಿಂಟ್ ಮಾಡಿದ್ದಲ್ಲ. ನನಗೆ ಆಗಲೇ ಗೊತ್ತಾಯಿತು. ಗೊತ್ತಾದ ಮೇಲೂ ಮರುದಿನ ಬಿ.ಸಿ.ರೋಡಿಗೆ ಹೋಗಿ ಮೂರನೆಯ ಸಲ ಆ ಮನುಷ್ಯನಿಗೆ ಬೈದೆ. ಮೊದಲ ಎರಡು ಬೈಗುಳ ತಿಳಿಯದೆ ಆದದ್ದು. ಮೂರನೆಯದು ಹೆದರಿಕೆಯಿಂದ. ಕಣ್ಣು ಕೆಟ್ಟಿದೆ ಎಂದು ಒಪ್ಪಿಕೊಂಡರೆ ಸ್ಟೇರಿಂಗ್ ಹೋಯಿತು. ಸ್ಟೇರಿಂಗ್ ಇಲ್ಲದೆ ನಾನು ಯಾರು? ಆರನೇ ಕ್ಲಾಸು ಮುಗಿಸದ ಒಬ್ಬ ಗಂಡಸು, ಅಷ್ಟೇ.

ಒಟ್ಟು ಹನ್ನೊಂದು ದಿನ ಹಾಗೆಯೇ ಬಸ್ಸು ಓಡಿಸಿದೆ. ಎರಡೂ ಕಣ್ಣು ಬಿಟ್ಟಿದ್ದರೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನು ಮುಚ್ಚಿಕೊಂಡು ಬರುತ್ತಿತ್ತು. ದೇವರ ದಯೆ, ಏನೂ ಆಗಲಿಲ್ಲ. ಆದರೂ ಆ ಹನ್ನೊಂದು ದಿನ ನನ್ನ ಹಿಂದೆ ಕುಳಿತವರನ್ನು ಈಗಲೂ ಒಬ್ಬೊಬ್ಬರಾಗಿ ನೆನೆಯುತ್ತೇನೆ.

ಹನ್ನೊಂದನೆಯ ದಿನ ಬಿ.ಸಿ.ರೋಡಿನಲ್ಲಿ ಎಲ್ಲರೂ ಇಳಿದರು. ಬಂಟ್ವಾಳದಲ್ಲಿ ಇಳಿಯಬೇಕಾಗಿದ್ದ ಸಿಸ್ಟರ್ ಮಾತ್ರ ಅಲ್ಲಿಯವರೆಗೂ ಬಂದಿದ್ದರು. ಕಂಡಕ್ಟರ್ ಅವರಿಗೆ ಎಲ್ಲ ಹೇಳಿದ್ದ. ಅವನು ಬಾಗಿಲಿನ ಬಳಿ ನಿಂತು ಟಿಕೆಟ್ ಎಣಿಸುವ ನಾಟಕ ಮಾಡುತ್ತಿದ್ದ.

"ಡ್ರೈವರಣ್ಣ, ಇಳಿಯಬೇಡಿ," ಎಂದರು ಸಿಸ್ಟರ್. ಪದಬಂಧದ ಪುಟವನ್ನು ಬಾನೆಟ್ಟಿನ ಮೇಲೆ ಇಟ್ಟರು. "ಬಲಗಣ್ಣು ಮುಚ್ಚಿ. ಈಗ ಹೇಗೆ ಕಾಣ್ತದೆ?"

"ಎಲ್ಲ ಸರಿ ಉಂಟು."

"ಹೌದಾ? ಹಾಗಾದ್ರೆ ನಟ್ಟನಡುವಿನ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ."

ಇಟ್ಟೆ. ಕಣ್ಣು ಬಿಟ್ಟು ನೋಡಿದರೆ ನನ್ನ ಚುಕ್ಕೆ ಪಕ್ಕದ ಕಪ್ಪು ಚೌಕದ ಅಂಚಿನಲ್ಲಿತ್ತು. ಸಿಸ್ಟರ್ ನಗಲಿಲ್ಲ.

"ಇಪ್ಪತ್ತಾರು ವರ್ಷ ಸಿಸ್ಟರ್," ಎಂದೆ. "ಒಂದು ಕೋಳಿಗೂ ತಾಗಿಸಿದವನಲ್ಲ ನಾನು."

"ಗೊತ್ತುಂಟು. ಅದಕ್ಕೇ ನಾನು ಈ ಬಸ್ಸಿಗೇ ಕಾಯುವುದು. ಆದರೆ ಓಡಿಸುವಾಗ ಬಲಗಣ್ಣಿಗೆ ಧೂಳು ಬಿದ್ರೆ ಎಂಥ ಮಾಡ್ತೀರಿ? ಆ ಇಪ್ಪತ್ತಾರು ವರ್ಷಕ್ಕೆ ನೀವೇ ಮಸಿ ಬಳಿಯಬೇಡಿ."

ಪೆನ್ಸಿಲನ್ನು ಕಿಸೆಗೆ ಹಾಕಿ ಸೀಟಿನಿಂದ ಇಳಿದೆ.

ಸ್ಟ್ಯಾಂಡಿನಲ್ಲಿದ್ದ ಇನ್ನೊಬ್ಬ ಡ್ರೈವರನನ್ನು ಕರೆದು ನನ್ನ ಸೀಟಿನಲ್ಲಿ ಕೂರಿಸಿದರು. ನಾನು ಹಿಂದೆ, ಕಿಟಕಿಯ ಪಕ್ಕದಲ್ಲಿ ಕುಳಿತೆ. ನನ್ನದೇ ಬಸ್ಸಿನಲ್ಲಿ ಆ ಸೀಟು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ಸ್ಪ್ರಿಂಗು ಚುಚ್ಚುತ್ತಿತ್ತು. ಕಂಡಕ್ಟರ್ ಟಿಕೆಟ್ ಕೊಡುತ್ತ ಬಂದವನು ನನ್ನ ಎದುರು ನಿಂತು, ಅಭ್ಯಾಸದಿಂದ "ಎಲ್ಲಿಗೆ?" ಎಂದುಬಿಟ್ಟ. ಕೂಡಲೇ ನಾಲಿಗೆ ಕಚ್ಚಿಕೊಂಡ.

"ಚಾಡಿ ಹೇಳುವವರ ಊರಿಗೆ," ಎಂದೆ. "ಅರ್ಧ ಟಿಕೆಟ್ ಕೊಡು, ಒಂದೇ ಕಣ್ಣು ಇರುವುದು." ಎರಡು ದಿನ ಅವನೊಡನೆ ಮಾತು ಬಿಟ್ಟೆ.

ಮಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಸರದಿಗೆ ಕುಳಿತಾಗ ಎದುರಿನ ಗೋಡೆಯಲ್ಲಿ ಕಣ್ಣಿನ ದೊಡ್ಡ ಚಿತ್ರವಿತ್ತು. ಅದರಲ್ಲಿ ಅಕ್ಷಿಪಟಲ ಎಂದು ಬರೆದಿತ್ತು. ಪಕ್ಕದಲ್ಲಿದ್ದ ಹುಡುಗಿ, ಕಾಲೇಜಿನವಳಿರಬೇಕು, ತನ್ನ ಅಮ್ಮನಿಗೆ ಅದನ್ನು ಓದಿ ಹೇಳಲು ತಡವರಿಸುತ್ತಿದ್ದಳು. ಒಳಗಿನ ಪರದೆ ಅದು, ಸಿನಿಮಾದ ಪರದೆಯ ಹಾಗೆ, ಎಂದು ನಾನು ಹೇಳಿಕೊಟ್ಟೆ. ನೀವು ಮೇಷ್ಟ್ರಾ ಎಂದು ಆ ಅಮ್ಮ ಕೇಳಿದರು. ಅಲ್ಲ, ಡ್ರೈವರ್ ಎಂದೆ.

ಡಾಕ್ಟರರು ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆಯಿಂದ ಆ ಪರದೆಯ ನಡುವಿನಲ್ಲಿ ನೀರು ತುಂಬಿದೆ ಎಂದರು. ಎಂಟು ವರ್ಷದಿಂದ ಇದ್ದ ಸಕ್ಕರೆಗೆ ನಾನು ನೆನಪಾದ ದಿನ ಮಾತ್ರ ಮಾತ್ರೆ ನುಂಗುತ್ತಿದ್ದೆ. ಆಮೇಲೆ ಅವರು ಒಂದು ಕಾಗದ ಕೊಟ್ಟರು. ನೋಡಿ ನನಗೆ ನಗು ಬಂತು. ಬರೀ ಚೌಕಗಳು, ನಡುವಿನಲ್ಲಿ ಒಂದು ಚುಕ್ಕೆ. ಸುಳಿವಿಲ್ಲದ ಪದಬಂಧ!

"ದಿನಾ ಒಂದೊಂದು ಕಣ್ಣು ಮುಚ್ಚಿ ಇದನ್ನು ನೋಡಬೇಕು," ಎಂದರು ಡಾಕ್ಟರರು. "ಗೆರೆ ಬಗ್ಗಿದ್ರೆ, ಬಗ್ಗಿದ್ದು ಜಾಸ್ತಿ ಆದ್ರೆ, ಕೂಡಲೇ ಬರಬೇಕು. ನಿಮಗೆ ಇಷ್ಟು ಬೇಗ ಹೇಗೆ ಗೊತ್ತಾಯ್ತು? ಒಂದು ಕಣ್ಣು ಚೆನ್ನಾಗಿದ್ರೆ ಇನ್ನೊಂದರದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ."

ಪದಬಂಧದ ಕತೆ ಹೇಳಿದೆ. ಪೇಪರಿನವರ ಕತೆಯನ್ನು ಹೇಳಲಿಲ್ಲ.

ಕಣ್ಣಿನೊಳಗೆ ಮೂರು ಇಂಜೆಕ್ಷನ್, ತಿಂಗಳಿಗೊಂದರಂತೆ. ಕೇಳುವಾಗ ಆಗುವ ಹೆದರಿಕೆ ಚುಚ್ಚುವಾಗ ಇರುವುದಿಲ್ಲ. ನೀರು ಇಳಿಯಿತು, ಗೆರೆಗಳು ಹೆಚ್ಚುಕಡಿಮೆ ನೆಟ್ಟಗಾದವು. ನಡುವಿನಲ್ಲಿ ಒಂದೇ ಒಂದು ಕಡೆ ಕೂದಲಿನಷ್ಟು ಬಾಗು ಉಳಿಯಿತು. ಅದು ಹಾಗೇ ಇರಬಹುದು ಎಂದು ಡಾಕ್ಟರರು ಹೇಳಿದರು.

ಅದನ್ನು ಕೇಳಿದ ವಾರವೇ ಮೂಡಬಿದ್ರೆಯ ಕಡೆ ಹೋಗಿ, ತೋಡಾರಿನಲ್ಲಿರುವ ಬಸ್ಸಿನ ಧಣಿಗಳ ಮನೆಯಲ್ಲಿ ನನ್ನ ಹತ್ತಿರವೇ ಉಳಿದಿದ್ದ ಬಸ್ಸಿನ ಎರಡನೇ ಚಾವಿಯನ್ನು ಮೇಜಿನ ಮೇಲೆ ಇಟ್ಟೆ.

"ಎಂಥ ಮಾರಾಯ ಇದು? ಕಣ್ಣು ಸರಿಯಾಯ್ತಲ್ಲ?"

"ನನ್ನ ಪೇಪರು ಓದಲಿಕ್ಕೆ ಸಾಕು ಧಣಿ. ಐವತ್ತು ಜನರನ್ನು ಹೊತ್ತುಕೊಳ್ಳಲಿಕ್ಕೆ ಸಾಲದು."

ಅವರು ಚಾವಿಯನ್ನು ಎತ್ತಿ ಮೇಜಿನ ಡ್ರಾವರಿಗೆ ಹಾಕಿದರು. "ಹಾಗಾದ್ರೆ ಬಿ.ಸಿ.ರೋಡಿನಲ್ಲಿ ನಮ್ಮ ಬಸ್ಸುಗಳ ಟೈಮ್ ನೋಡಿಕೊಂಡು ಕೂತ್ಕೋ. ನಿನ್ನ ಹಾಗೆ ಬೊಬ್ಬೆ ಹೊಡೆಯುವವ ನಮ್ಮಲ್ಲಿ ಬೇರೆ ಯಾರುಂಟು?"

ಈಗ ಅದೇ ಕೆಲಸ. ಪೇಪರಿನವರ ಪಕ್ಕದಲ್ಲಿಯೇ ನನ್ನ ಕುರ್ಚಿ. ಮೊದಲ ದಿನವೇ ಅವರ ಹತ್ತಿರ ಹೋಗಿ, ಗೆರೆ ಬಗ್ಗಿದ್ದು ನನ್ನ ಕಣ್ಣಿನಲ್ಲಿ, ನಿಮ್ಮ ಪೇಪರಿನಲ್ಲಿ ಅಲ್ಲ, ಮೂರು ಸಲದ್ದಕ್ಕೂ ತಪ್ಪಾಯಿತು ಎಂದೆ. ಅಷ್ಟು ಸಲೀಸಾಗಿ ಅಂಥ ಮಾತು ನನ್ನ ಬಾಯಿಂದ ಅದುವರೆಗೆ ಬಂದದ್ದಿಲ್ಲ.

"ಪರವಾಗಿಲ್ಲ," ಎಂದರು ಅವರು. "ಆದರೆ ನೀವು ಒಂದು ಕಣ್ಣು ಮುಚ್ಚಿ ನೋಡಿ ಬೈದದ್ದು ಕಂಡು, ಆ ದಿವಸ ಮನೆಗೆ ಹೋಗಿ ನಾನೂ ಒಂದೊಂದು ಕಣ್ಣು ಮುಚ್ಚಿ ನೋಡಿದ್ದೆ. ಹೆಂಡತಿಗೂ ತೋರಿಸಿದ್ದೆ. ನಮ್ಮದೆಲ್ಲ ಸರಿ ಉಂಟು."

ದಿನಾ ಬೆಳಿಗ್ಗೆ ಅವರು ಕಟ್ಟು ಬಿಚ್ಚಿದ ಕೂಡಲೇ ಮೊದಲ ಪೇಪರು ನನಗೆ. ಸುಳಿವು ಓದುವ ಮೊದಲು ಬಲಗಣ್ಣು ಮುಚ್ಚಿ ಖಾಲಿ ಚೌಕಗಳನ್ನು ನೋಡುತ್ತೇನೆ, ಆಮೇಲೆ ಎಡಗಣ್ಣು ಮುಚ್ಚಿ. ಮಾತ್ರೆ ನುಂಗಿದ ಮೇಲೆಯೇ ಪೆನ್ಸಿಲು. ನನ್ನ ಹಳೆಯ ಬಸ್ಸು ಬಂದರೆ ಸಿಸ್ಟರ್ ಇವತ್ತು ಬಂದಿದ್ದರೇ ಎಂದು ಕಂಡಕ್ಟರನನ್ನು ಕೇಳುತ್ತೇನೆ. ಬಂದಿದ್ದರು, ನಿಮ್ಮ ಸಕ್ಕರೆ ಎಷ್ಟುಂಟು ಎಂದು ಕೇಳಿದರು ಎನ್ನುತ್ತಾನೆ ಅವನು. ಅವನಿಗೆ ಬಿಡಿಸಲಾಗದ ಒಂದೆರಡು ಸುಳಿವುಗಳು ಯಾವಾಗಲೂ ಉಳಿದಿರುತ್ತವೆ. ಬೇಕೆಂದೇ ಉಳಿಸಿ ತರುತ್ತಾನೋ ಏನೋ, ನಾನು ಕೇಳಿಲ್ಲ.

ಹೊರಡುವ ಹೊತ್ತಾದರೆ ನಾನು ಗಡಿಯಾರ ನೋಡಿ ಬೊಬ್ಬೆ ಹೊಡೆಯುತ್ತೇನೆ. ಅವನು ಬಾಗಿಲಲ್ಲಿ ನೇತಾಡುತ್ತ, ವಿಸಿಲ್ ಬಾಯಿಗಿಡುವ ಮೊದಲು ಕೇಳುತ್ತಾನೆ.

"ಅಣ್ಣ, ಗೆರೆ ಹೇಗುಂಟು?"

"ನಿನ್ನೆಯ ಹಾಗೆಯೇ ಉಂಟು ಮಾರಾಯ. ಹೊರಡು, ಟೈಮಾಯ್ತು."

"ರೈಟ್, ಪೋಯಿ!" ಎಂದು ಅವನು ಕೂಗುತ್ತಾನೆ, ಬಸ್ಸು ಬೆಳ್ತಂಗಡಿಯ ಕಡೆಗೆ ಹೊರಡುತ್ತದೆ.