ಗಾಡಿಯ ಹಿಂದಿನ ಮನೆಗಳು

ನಾನು ಮೊದಲ ಸಲ ಕಂಡಾಗ ಅಂಜನಾಬಾಯಿಯವರು ಕಂಪ್ಯೂಟರಿನ ಗುಂಡಿಗಳ ಸಂದಿಯಿಂದ ಹೇರ್‌ಪಿನ್ನಿನಲ್ಲಿ ಅಕ್ಕಿಕಾಳು ಹೆಕ್ಕುತ್ತಿದ್ದರು. ೧೯೮೬ರ ದಸರೆ ರಜೆ ಮುಗಿದ ದಿನ ಅದು. ಭಾಲ್ಕಿಯ ಆ ಪ್ರೌಢಶಾಲೆಗೆ ಕನ್ನಡ ಶಿಕ್ಷಕನಾಗಿ ವರ್ಗವಾಗಿದ್ದ ನಾನು ಹಾಜರಾಗಲು ಹೋಗಿದ್ದೆ. ಸರಕಾರ ಕೊಟ್ಟಿದ್ದ ಒಂದೇ ಒಂದು ಕಂಪ್ಯೂಟರಿಗೆ ಮುಖ್ಯಾಧ್ಯಾಪಕ ಪ್ರಭಾಕರರಾಯರು ಖಂಡೇನವಮಿಯಂದು ಕುಂಕುಮ, ಅಕ್ಷತೆ ಏರಿಸಿ ಪೂಜೆ ಮಾಡಿದ್ದರಂತೆ.

“ಪೂಜಿ ಟಿವಿಗಿ ಮಾಡ್ರಿ, ಸ್ಟೂಲಿಗಿ ಮಾಡ್ರಿ. ಗುಂಡಿ ಮ್ಯಾಲ ಯಾಕ ಅಕ್ಕಿ ಒಗದ್ರಿ? ಒತ್ತಿದ ಗುಂಡಿ ಮ್ಯಾಲ ಏಳವಲ್ದು.”

“ದೇವರ ಅಕ್ಷತಾ ಅದ ಬಾಯಾರ. ಅದರಿಂದ ಏನೂ ಕೆಡಲ್ಲ,” ಎಂದರು ಪಕ್ಕದಲ್ಲಿ ನಿಂತಿದ್ದ ರಾಯರು.

“ದೇವರು ಕೆಡಸಲ್ರಿ. ಅಕ್ಕಿ ಕೆಡಸತದ.”

ಜವಾನ ದಸ್ತಗೀರ ನನ್ನನ್ನು ಬಾಗಿಲಲ್ಲೇ ತಡೆದ. “ಹೊಸಾ ಸಾಹೇಬ್ರ, ಸ್ವಲ್ಪ ಇಲ್ಲೇ ನಿಂದರ್ರಿ. ಬಾಯಾರ್ದು ಇನ್ನೂ ಮುಗ್ದಿಲ್ಲ.”

ಮುಗಿಯುವುದು ಅವರ ಸ್ವಭಾವದಲ್ಲೇ ಇರಲಿಲ್ಲ. ಔರಾದ ತಾಲ್ಲೂಕಿನ ಎಕಂಬಾದ ಬೌದ್ಧ ಒಕ್ಕಲು ಮನೆತನದಲ್ಲಿ ಹುಟ್ಟಿ, ಗಣಿತ ಓದಿ, ತಮ್ಮ ಓಣಿಯಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಗಳು ಅವರು. ಬೇಸಿಗೆಯಲ್ಲಿ ತರಬೇತಿಗೆ ಹೋಗಿ ಬಂದಮೇಲೆ ಕಂಪ್ಯೂಟರು ಅವರ ಪಾಲಿಗೆ ಬಿದ್ದಿತ್ತು. ಅದಕ್ಕೆ ಟಿವಿಯೇ ಪರದೆ; ಬರೆದದ್ದನ್ನು ಉಳಿಸಿಡಲು ಹಾಡು ಕೇಳುವ ಟೇಪ್ ರಿಕಾರ್ಡರು.

ಆ ವರ್ಷವೂ ಮಳೆ ಕೈಕೊಟ್ಟಿತ್ತು. ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಮಣ್ಣಿನ ಕೆಲಸಕ್ಕೆ ಹೈದರಾಬಾದಿಗೆ ಗಾಡಿಗಳು ಹೊರಟವು. ನನ್ನ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾದವು. ಬೀದರಿನಲ್ಲಿ ನಡೆಯಲಿದ್ದ ಶಾಲೆಗಳ ಪ್ರದರ್ಶನಕ್ಕೆ ಅಂಜನಾಬಾಯಿಯವರು ಅದನ್ನೇ ಚಲಿಸುವ ಚಿತ್ರವಾಗಿ ಮಾಡತೊಡಗಿದರು. ಹಿಂದೆ ಎಕಂಬಾದ ತಮ್ಮ ಓಣಿ, ಸಾಲು ಮನೆಗಳು, ಒಂದು ಬೇವಿನ ಗಿಡ. ಮುಂದೆ ಸಾಗುವ ಎತ್ತಿನ ಗಾಡಿ.

ಆದರೆ ಅಲ್ಲೊಂದು ತೊಡಕಿತ್ತು. ಗಾಡಿ ಮುಂದೆ ಸಾಗಿದಂತೆ ಕಾಣಬೇಕಾದರೆ ಹಳೆಯ ಗಾಡಿಯನ್ನು ಕಪ್ಪು ಬಣ್ಣದಿಂದ ಅಳಿಸಿ, ಸ್ವಲ್ಪ ಮುಂದೆ ಹೊಸದಾಗಿ ಬರೆಯಬೇಕು. ಅಳಿಸುವಾಗ ಅದರ ಹಿಂದಿನ ಮನೆಯೂ ಅಳಿಸಿಹೋಗುತ್ತಿತ್ತು. ಗಾಡಿ ಓಣಿ ದಾಟುವಷ್ಟರಲ್ಲಿ ಊರಿನ ನಡುವೆ ಕಪ್ಪು ಪಟ್ಟೆಯೊಂದು ಉಳಿಯುತ್ತಿತ್ತು.

ರಾಯರು ಸುಲಭದ ದಾರಿ ಹೇಳಿದರು. “ಹಿಂದಿಂದೆಲ್ಲಾ ಕರಿ ಮಾಡಿಬಿಡ್ರಿ. ಅಳಿಸಿದ್ದು ಗೊತ್ತೇ ಆಗಲ್ಲ. ಮಂದಿ ನೋಡೂದು ಗಾಡಿ.”

“ಊರು ಕರಿ ಮಾಡಿ ಗಾಡಿ ಓಡಸೂದೇನ್ರಿ?” ಎಂದು ಅಂಜನಾಬಾಯಿಯವರು ಎದ್ದು ನಿಂತರು. “ಹೋದವರ್ನಷ್ಟೇ ನೋಡ್ತೀರಿ. ಕುಂತವರು ಮಂದಿ ಅಲ್ಲೇನು?”

ಆ ಸಿಟ್ಟಿಗೆ ಕಾರಣವಿತ್ತು. ಎಕಂಬಾದಲ್ಲಿ ಅವರ ಓಣಿಗೆ ಬರುತ್ತಿದ್ದ ನೀರಿನ ಟ್ಯಾಂಕರು ನಿಂತುಹೋಗಿತ್ತು. ಗಾಡಿಗಳು ಹೋದವು, ಆದ್ದರಿಂದ ಓಣಿ ಖಾಲಿ ಎಂದು ಕುರ್ಚಿಯಲ್ಲಿ ಕುಳಿತವರಾರೋ ತೀರ್ಮಾನಿಸಿದ್ದರು. ಮುದುಕರು, ಬಾಣಂತಿಯರು, ಬಿಟ್ಟುಹೋದ ಮಕ್ಕಳು ಅಲ್ಲೇ ಇದ್ದರು. ಅಂಜನಾಬಾಯಿಯವರ ತಾಯಿ ಕೇಶರಬಾಯಿ ಆ ಮಕ್ಕಳಿಗೆಲ್ಲ ರೊಟ್ಟಿ ಬಡಿಯುತ್ತ, ದೂರದ ಹೊಲದ ಬಾವಿಯಿಂದ ಕೆಸರುನೀರು ಹೊತ್ತು ತರುತ್ತಿದ್ದರು. ಅಂಜನಾಬಾಯಿಯವರು ಕಚೇರಿಗಳಿಗೆ ಅಲೆದು ಹೇಳಿದರು. ಅಲ್ಲಿನವರು ‘ನೋಡೋಣ’ ಎಂದರು. ಬಾಯಾರಿದವರಿಗೆ ‘ನೋಡೋಣ’ ಎನ್ನುವ ನಾಲಗೆಯನ್ನು ನಾನು ಇಂದಿಗೂ ಕ್ಷಮಿಸಲಾರೆ.

ಕೊನೆಗೂ ಅವರು ದಾರಿ ಕಂಡುಕೊಂಡರು. ಗಾಡಿಯನ್ನು ಇಡುವ ಮೊದಲು ಅದು ಮುಚ್ಚಲಿರುವ ಚಿತ್ರದ ತುಂಡನ್ನು ಕಂಪ್ಯೂಟರು ನೆನಪಿಟ್ಟುಕೊಳ್ಳಬೇಕು. ಗಾಡಿ ಸರಿದೊಡನೆ ಆ ತುಂಡನ್ನು ಮತ್ತೆ ಸ್ವಸ್ಥಾನದಲ್ಲಿಡಬೇಕು. ಗಾಡಿ ಕುಂಟುತ್ತ ಸಾಗಿತು, ಆದರೆ ಮನೆಗಳು ಉಳಿದವು.

ಪ್ರದರ್ಶನಕ್ಕೆ ಬರ ಪರಿಹಾರ ನೋಡಿಕೊಳ್ಳುವ ಸಾಹೇಬರೊಬ್ಬರು ಬಂದಿದ್ದರು. ಅಂಜನಾಬಾಯಿಯವರು ಎರಡು ಕ್ಯಾಸೆಟ್ ತಂದಿದ್ದರು. ಸರಿಯಾದದ್ದನ್ನು ಹಾಕುತ್ತಾರೆಂದು ನಾನು ತಿಳಿದಿದ್ದೆ. ಅವರು ಬೇಕೆಂದೇ ಹಳೆಯದನ್ನು, ಮನೆ ಅಳಿಸುವುದನ್ನು, ಹಾಕಿದರು.

ಸಾಹೇಬರು ನೋಡಿ ನಕ್ಕರು. “ಚೆನ್ನಾಗಿದೆ. ಆದರೆ ಮೇಡಂ, ಗಾಡಿ ಹೋದಲ್ಲೆಲ್ಲ ಮನೆಗಳು ಅಳಿಸಿಹೋಗುತ್ತಿವೆಯಲ್ಲ. ತಪ್ಪಾಗಿದೆ.”

“ಹೌದ್ರಿ, ತಪ್ಪಾಗ್ಯಾದ. ಗಾಡಿ ಹೋದ್ರ ಮನಿ ಹ್ಯಾಂಗ ಹೋಗ್ತಾವ್ರಿ?”

“ಅದೇ. ಹೋಗಬಾರದು.”

“ಮತ್ತ ಎಕಂಬಾದಾಗ ನಮ್ಮ ಓಣಿಗಿ ಟ್ಯಾಂಕರ್ ಯಾಕ ನಿಂದರ್ಸೀರಿ? ಗಾಡಿ ಹೋದ್ವು, ಯಾರೂ ಇಲ್ಲ ಅಂತ ಅಂದೀರಂತ. ಟಿವಿದಾಗಿನ ಮನಿ ಹೋಗಿದ್ದು ನಿಮಗ ಕಾಣಸ್ತು. ಅಲ್ಲಿ ನನ್ನ ಅವ್ವ ಕುಂತಾಳ, ಅಕಿ ಕಾಣಲಿಲ್ಲ.”

ರಾಯರು ಬೆವರು ಒರೆಸಿಕೊಂಡರು. ಸಾಹೇಬರು ಗಡಿಯಾರ ನೋಡಿಕೊಂಡರು.

“ನಿಂದರ್ರಿ, ಎರಡನೇದೂ ನೋಡೇ ಹೋಗ್ರಿ. ಅದ್ರಾಗ ಮನಿ ಉಳೀತಾವ.”

ಟೇಪಿನಿಂದ ಚಿತ್ರ ಬರಲು ಕೆಲ ನಿಮಿಷ ಬೇಕು. ಟೇಪು ಕಿರುಚುತ್ತಿರುವಾಗಲೇ ಹೊರಗೆ ಸಾಹೇಬರ ಜೀಪು ಹೊರಟಿತು. ಎರಡನೆಯದನ್ನು ನೋಡಿದವರು ಮಕ್ಕಳು, ಶಿಕ್ಷಕರು, ಗಾಂಧಿ ಗಂಜಿನ ಮಾರುಕಟ್ಟೆಯಿಂದ ಕುತೂಹಲಕ್ಕೆ ಬಂದಿದ್ದ ಕೆಲವು ಹಮಾಲರು ಮಾತ್ರ. ಹಮಾಲರಲ್ಲೊಬ್ಬ, “ಇದು ನಮ್ಮೂರ ಇದ್ದಂಗ ಅದ,” ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ.

ಆ ವಾರವೇ ಟ್ಯಾಂಕರು ಎಕಂಬಾದ ಓಣಿಗೆ ಬಂತು. ಜೂನಿನಲ್ಲಿ ಅಂಜನಾಬಾಯಿಯವರ ವರ್ಗಾವಣೆಯ ಆದೇಶವೂ ಬಂತು, ಔರಾದ ತಾಲ್ಲೂಕಿನ ಗಡಿಯೂರಿಗೆ.

“ಶಿಕ್ಷಾ ಕೊಡ್ಲಾಕೂ ಬರಲ್ಲ ಇವರಿಗಿ,” ಎಂದರು, ಪೆಟ್ಟಿಗೆ ಕಟ್ಟುತ್ತ. “ನಮ್ಮ ಮನಿ ಬಾಜೂಕೇ ಒಗದಾರ.”

ಆದರೆ ಆ ಶಾಲೆಯಲ್ಲಿ ಕಂಪ್ಯೂಟರು ಹೋಗಲಿ, ವಿದ್ಯುದ್ದೀಪವೇ ಇರಲಿಲ್ಲ. ಇತ್ತ ಭಾಲ್ಕಿಯ ಯಂತ್ರ ಯಾರೂ ಮುಟ್ಟದೆ ಹೊದಿಕೆಯೊಳಗೆ ವರ್ಷಗಟ್ಟಲೆ ಧೂಳು ತಿಂದಿತು. ಕೊನೆಗೆ ಶಾಲೆ ಅದನ್ನು ಗುಜರಿಗೆ ಹಾಕುವಾಗ ದಸ್ತಗೀರ ಸುದ್ದಿ ಕಳಿಸಿದ. ಅಂಜನಾಬಾಯಿಯವರು ಬಂದು, ಕೊಂಡು, ಟೆಂಪೋದಲ್ಲಿ ಮಡಿಲಲ್ಲಿಟ್ಟುಕೊಂಡೇ ಒಯ್ದರು.

ಈಗ ಅವರು ನಿವೃತ್ತರಾಗಿ ಎಕಂಬಾದಲ್ಲಿದ್ದಾರೆ. ಬೆಳಿಗ್ಗೆ ಪಂಚಾಯತಿಯವರೊಡನೆ ನಳದ ಜಗಳ, ಮಧ್ಯಾಹ್ನ ಆ ಯಂತ್ರ. ಆ ಹಳೆಯ ಚಿತ್ರದಲ್ಲೇ ಕಬ್ಬು ಕಡಿದು ಮರಳುವ ಇನ್ನೊಂದು ಗಾಡಿಯನ್ನು ಎದುರಿನಿಂದ ತರುತ್ತಿದ್ದಾರೆ. ಓಣಿಯ ನಡುವೆ ಎರಡೂ ಸಂಧಿಸಿದಾಗ ಒಂದರ ಎತ್ತು ಇನ್ನೊಂದರ ಗಾಲಿಗೆ ಅಂಟಿಕೊಳ್ಳುತ್ತದಂತೆ. ಮೊನ್ನೆ ಯೋಗಕ್ಷೇಮ ಕೇಳಲು ಫೋನು ಮಾಡಿದೆ.

“ಆಮ್ಯಾಲ ಮಾತಾಡ್ರಿ ಸರ್,” ಎಂದು ಗದರಿದರು. “ಬರೂ ಗಾಡಿ ನಡು ಓಣ್ಯಾಗ ಸಿಕ್ಕೊಂಡಾದ. ಮೊದಲು ಅದಕ್ಕ ಮನಿ ಮುಟ್ಟಸ್ತೇನಿ.”